ಗಿರಿಜಮ್ಮನವರ ಬಾವಿಯ ನೀರು

ನಮ್ಮ ಕಡೆ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ವರ್ಷ ಅದು. ದೋಣಿಗಲ್ ಸಮೀಪದ ಒಂದು ಹಳೆಯ ಪೆಟ್ರೋಲ್ ಬಂಕಿನಲ್ಲಿ ನಾನು ಹದಿನೆಂಟು ವರ್ಷದಿಂದ ಮ್ಯಾನೇಜರ್ ಆಗಿದ್ದೆ. ಬಂಕಿನ ಜಾಗ ರಸ್ತೆಗೆ ಹೋಗುವುದೆಂದು ತೀರ್ಮಾನವಾಗಿ, ನೆಲದಡಿ ಹೂತಿದ್ದ ಮೂರು ಟ್ಯಾಂಕ್‌ಗಳನ್ನು ತೆಗೆಸಬೇಕಾಯಿತು.

ಅದಕ್ಕೂ ಎರಡು ವರ್ಷ ಹಿಂದಿನ ಮಾತು ಮೊದಲು ಹೇಳಬೇಕು. ಬಂಕಿನ ಕೆಳಗಿನ ಇಳಿಜಾರಿನಲ್ಲಿ ಗಿರಿಜಮ್ಮ ಎಂಬವರ ಮನೆ. ಗಂಡ ತೀರಿಕೊಂಡ ಮೇಲೆ ಅರ್ಧ ಎಕರೆ ಕಾಫಿ, ಒಂದು ಹಸು ನೋಡಿಕೊಂಡು ಇದ್ದವರು. ಒಂದು ಬೆಳಿಗ್ಗೆ ಬಂದು, "ರುದ್ರೇಶ, ಬಾವಿ ನೀರು ಡೀಸೆಲ್ ವಾಸ್ನೆ ಹೊಡಿತೈತೆ ಕಣಪ್ಪ. ಹಸು ಮೂತಿನೇ ಇಡಲ್ಲ. ಒಂದ್ಸಲ ಬಂದು ನೋಡು" ಎಂದರು.

ನಾನು ಕುರ್ಚಿಯಿಂದ ಏಳಲಿಲ್ಲ. "ದಿನಾ ಟ್ಯಾಂಕಿಗೆ ಕಡ್ಡಿ ಬಿಟ್ಟು ಅಳೀತೀವಿ ಗಿರಿಜಮ್ಮ, ಎಲ್ಲಾ ಸರಿಯಾಗೇ ಐತೆ. ಯಾರೋ ಬಾವಿ ಹತ್ರ ಜೀಪ್ ತೊಳ್ದಿರ್ಬೇಕು" ಎಂದೆ. ಆಮೇಲೆ ಇನ್ನೆರಡು ಸಲ ಬಂದರು. ಕೊನೆಯ ಸಲ ಬಾಟಲಿಯಲ್ಲಿ ನೀರನ್ನೇ ತಂದಿದ್ದರು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಮುಚ್ಚಳ ಕೂಡ ತೆಗೆಯದೆ ಪಕ್ಕಕ್ಕಿಟ್ಟೆ. ಮತ್ತೆ ಅವರು ಬರಲಿಲ್ಲ.

ಟ್ಯಾಂಕ್ ತೆಗೆಯುವ ದಿನ, ಉಳಿದ ಎಣ್ಣೆ ಹೀರಿ, ಒಳಗಿನ ಆವಿ ಹೊರಹಾಕಿ, ಸುತ್ತಲಿನ ಮಣ್ಣು ಬಿಡಿಸಿ ಕ್ರೇನಿನಿಂದ ಎತ್ತಿದರು. ಮೊದಲೆರಡು ಗಟ್ಟಿಯಾಗಿದ್ದವು. ಡೀಸೆಲ್ ಟ್ಯಾಂಕ್ ಮೇಲೆದ್ದಾಗ ಅದರ ತಳದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ತೂತುಗಳು ಕಂಡವು. ಗುಂಡಿಯ ಕೆಂಪು ಮಣ್ಣು ಕಪ್ಪಾಗಿತ್ತು. ವಾಸನೆಗೆ ಕಣ್ಣು ಉರಿಯಿತು.

ಮಣ್ಣಿನ ಪರೀಕ್ಷೆಗೆ ಬಂದಿದ್ದ ಇಂಜಿನಿಯರ್ ಹುಡುಗಿ ಗಾಜಿನ ಬಾಟಲಿಗಳಿಗೆ ಮಣ್ಣು ತುಂಬುತ್ತಾ, "ಕೆಳಗಡೆ ಕುಡಿಯೋ ನೀರಿನ ಬಾವಿ ಇದೆಯಾ?" ಎಂದು ಕೇಳಿದಳು.

"ಯಾವ್ದೂ ಇಲ್ಲ ಮೇಡಂ" ಎಂದ ನಮ್ಮ ಮಾಲೀಕರು ನನ್ನ ಮುಖ ನೋಡಿದರು.

"ಇದೆ ಮೇಡಂ. ವಾಸನೆ ಬರ್ತಿದೆ ಅಂತ ನನಗೇ ಹೇಳಿದ್ರು. ನಾನು ಹೋಗಿ ನೋಡ್ಲಿಲ್ಲ" ಎಂದೆ.

ಅವಳನ್ನು ಕರೆದುಕೊಂಡು ಗಿರಿಜಮ್ಮನವರ ಮನೆಗೆ ಇಳಿದೆ. ಬಾವಿಯಿಂದ ಸೇದಿದ ಕೊಡದ ನೀರಿನ ಮೇಲೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಗಿರಿಜಮ್ಮ ಬೈಯಲಿಲ್ಲ. ಮೇಲಿನ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳ ನಲ್ಲಿಯಿಂದ ನೀರು ಹೊತ್ತು ತರುತ್ತಿರುವುದಾಗಿ ಇಂಜಿನಿಯರಿಗೆ ಹೇಳಿ, ನನ್ನ ಕಡೆ ತಿರುಗಿದರು.

"ಮಗಳ ಚೊಚ್ಚಲ ಬಾಣಂತನಕ್ಕೆ ಕರ್ಕಂಡ್ ಬರಕ್ಕಾಗ್ಲಿಲ್ಲ ಕಣಪ್ಪ. ಬಾಣಂತಿಗೆ, ಮಗೀಗೆ ಎರೆಯಕ್ಕೆ ಅಷ್ಟು ನೀರು ನಾನೆಲ್ಲಿಂದ ಹೊರ್ಲಿ? ನೀರಿಲ್ಲ ಅಂದಿದ್ದು ನೆವ ಅಂತ ತಿಳ್ಕಂಡು, ಅಮ್ಮಂಗೆ ಬೇಡ್ವಾದೆ ಅಂದ್ಕಂಬುಟ್ಲು ಅವ್ಳು."

ನಾನು ಇಂಜಿನಿಯರ್ ಕೈಯಿಂದ ಬಾಟಲಿ ತೆಗೆದುಕೊಂಡು ಆ ನೀರು ತುಂಬಿಸಿಕೊಟ್ಟೆ.

ವರದಿ ಬಂತು, ನೀರಿನಲ್ಲಿ ಡೀಸೆಲ್ ಇರುವುದು ಖಚಿತವಾಯಿತು. ಬಾವಿ ಮುಚ್ಚಿಸಿದರು, ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದರು. ಮಾಲೀಕರು ನನ್ನೊಂದಿಗೆ ಮಾತು ಬಿಟ್ಟರೂ, ಕೊನೆಗೆ ಗುಡ್ಡದ ಆಚೆ ಬದಿಯಲ್ಲಿ ಬೋರ್‌ವೆಲ್ ಕೊರೆಸಿ ಗಿರಿಜಮ್ಮನವರ ಮನೆಗೆ ಪೈಪು ಎಳೆಸಿಕೊಡಬೇಕಾಯಿತು. ನೀರು ಬಂದ ದಿನ ಹೋಗಿದ್ದೆ. ಗಿರಿಜಮ್ಮ ಒಂದು ಲೋಟ ತುಂಬಿಸಿ, "ಕುಡಿ, ಚೆನ್ನಾಗೈತೆ" ಎಂದು ಕೊಟ್ಟರು. ಆ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾವಿಯ ಬದಲು ಬೋರ್‌ವೆಲ್ ಬಂತು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ತವರಿನ ಕರೆಗಾಗಿ ಕಾದ ಆ ಮಗಳಿಗೆ ಏನು ಕೊಟ್ಟರೆ ಸರಿಹೋದೀತೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.