ಗೊತ್ತಿರಲಿಲ್ಲ ಅನ್ನಬಹುದಿತ್ತು

ನನ್ನ ಭಾವ ಮರ್ಲಿನ್ ಶ್ರಾಗ್ ಸುಳ್ಳು ಹೇಳುವವರಲ್ಲ. ಅಮೆರಿಕದ ಕ್ಯಾನ್ಸಸ್ಸಿನ ನಮ್ಮ ಮೆನೊನೈಟ್ ಕ್ರೈಸ್ತ ಸಭೆಯವರು ಇದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾವು ಯುದ್ಧಕ್ಕೆ ಹೋಗುವವರಲ್ಲ, ಕೋರ್ಟಿನಲ್ಲೂ ಆಣೆ ಇಡುವವರಲ್ಲ. ಬಾಯಿಮಾತೇ ನಮಗೆ ಆಣೆ. ಹದಿನೆಂಟು ತುಂಬಿದ ಗಂಡುಮಕ್ಕಳೆಲ್ಲ ಸೇನೆಯ ಕರೆಗೆಂದು ಹೆಸರು ನೋಂದಾಯಿಸಬೇಕು ಎಂದು ಸರ್ಕಾರ ಅಂದಾಗ, ನಮ್ಮವರಲ್ಲಿ ಹೆಚ್ಚಿನವರು ಅಂಚೆ ಕಚೇರಿಗೆ ಹೋಗಿ, ಚೀಟಿಯ ಮೇಲೆ ‘ನಾನು ಬಂದೂಕು ಹಿಡಿಯುವುದಿಲ್ಲ’ ಎಂದು ಗೀಚಿ ಬಂದರು. ಭಾವ ಅದನ್ನೂ ಮಾಡಲಿಲ್ಲ. ಕೊಲ್ಲಲು ಕರೆಯುವವರ ಹತ್ತಿರ ನನ್ನ ಹೆಸರೇ ಇರಕೂಡದು ಅಂದರು. ಯಾರೂ ಹಿಡಿದು ಕೇಳಲಿಲ್ಲ. ವಯಸ್ಸು ಇಪ್ಪತ್ತಾರು ದಾಟಿತು. ಆಮೇಲೆ ಬೇಡಿಕೊಂಡರೂ ಹೆಸರು ಬರೆದುಕೊಳ್ಳುವುದಿಲ್ಲ.

ಅಷ್ಟರಲ್ಲಿ ನನ್ನ ಅಕ್ಕ ಆರ್ಲೀನಳ ಹೃದಯದ ಕವಾಟ ಕೆಟ್ಟಿತು. ಭಾವ ಕಂಡವರ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು, ಆರೋಗ್ಯ ವಿಮೆ ಎಲ್ಲಿಂದ ಬರಬೇಕು? ಸಭೆಯವರು ಕೂಡಿಸಿಕೊಟ್ಟದ್ದು ತಪಾಸಣೆಗಳಿಗೇ ಸರಿಹೋಯಿತು. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

ಆಗ ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸ ಖಾಲಿಯಾಯಿತು. ಸರ್ಕಾರಿ ಕೆಲಸ, ಹೆಂಡತಿಗೂ ವಿಮೆ. ಭಾವ ಪರೀಕ್ಷೆ ಪಾಸಾದರು. ಆದರೆ ಹೆಸರು ನೋಂದಾಯಿಸದವರಿಗೆ ಕೆಲಸವಿಲ್ಲ. ಕಾನೂನು ಗೊತ್ತಿಲ್ಲದೆ ತಪ್ಪಿದ್ದರೆ ಮಾತ್ರ ಮಾಫಿ. ವಿಚಾರಣೆಗೆ ಕರೆದರು.

ಹೊರಡುವ ಬೆಳಿಗ್ಗೆ ಅಕ್ಕ ಅವರ ಅಂಗಿಯ ಗುಂಡಿ ಹಾಕುತ್ತಿದ್ದಳು. ನಾನು ಅಲ್ಲೇ ಇದ್ದೆ.

“ರೀ, ಗೊತ್ತಿರ್ಲಿಲ್ಲ ಅಂದುಬಿಡಿ. ಇದೊಂದೇ ಸಲ, ನನಗೋಸ್ಕರ. ದೇವರ ಹತ್ರ ನಾನು ಮಾತಾಡ್ಕೋತೀನಿ.”

ಅಧಿಕಾರಿಯೂ ಒಳ್ಳೆಯವನೇ. ನಿಮಗೆ ಗೊತ್ತಿರಲಿಲ್ಲ ಅಲ್ವಾ ಎಂದು ಉತ್ತರವನ್ನು ಬಾಯಿಗೇ ಇಟ್ಟನಂತೆ. ಭಾವ “ಗೊತ್ತಿತ್ತು” ಅಂದು ಎದ್ದು ಬಂದರು. ಪುಣ್ಯಾತ್ಮ!

ಅಕ್ಕ ಇನ್ನೂ ಮೂರು ವರ್ಷ ಏದುಸಿರು ಬಿಡುತ್ತಾ ಬದುಕಿ ಹೋದಳು. ಗಂಡನನ್ನು ಒಂದು ದಿನವೂ ಅಂದವಳಲ್ಲ. ಆ ಕೆಲಸ ನಾನು ವಹಿಸಿಕೊಂಡೆ, ಇವತ್ತಿಗೂ ಬಿಟ್ಟಿಲ್ಲ.

ಈಗ ಕಡ್ಡಾಯ ನೋಂದಣಿಯನ್ನೇ ತೆಗೆಯಬೇಕೆಂದು ಮಸೂದೆ ಬಂದಿದೆ. ಸಭೆಯಲ್ಲಿ ಖುಷಿಯೋ ಖುಷಿ. ಕಳೆದ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ನಮ್ಮ ಪಾಸ್ಟರ್ ಡೆಲ್ಮರ್, “ಅಂದೇ ಗಟ್ಟಿಯಾಗಿ ನಿಂತವರು ನಮ್ಮ ಮರ್ಲಿನ್, ಎರಡು ಮಾತಾಡಲಿ” ಎಂದು ಭಾವನನ್ನು ಎಬ್ಬಿಸಿದರು. ಚಪ್ಪಾಳೆ ಬಿತ್ತು. ಅರವತ್ತು ದಾಟಿದ ಭಾವ ಮೇಜಿಗೆ ಕೈಯೂರಿ ನಿಂತರು.

“ಹೆಸರು ಬರೆಸ್ಲಿಲ್ಲ, ಅದಕ್ಕೆ ಈಗ್ಲೂ ಬೇಜಾರಿಲ್ಲ,” ಅಂದರು. “ಆದ್ರೆ ಆವತ್ತು ಗೊತ್ತಿರ್ಲಿಲ್ಲ ಅನ್ನಬೇಕಿತ್ತು. ಆರ್ಲೀನ್ ಇರ್ತಿದ್ಲು. ಇವತ್ತು ಕೇಳಿದ್ರೆ ಹಾಗೇ ಅಂತೀನಿ. ಆದ್ರೆ ಇನ್ನು ಯಾರೂ ಕೇಳಲ್ಲ.”

ಪಾಸ್ಟರ್ ನೀರಿನ ಲೋಟ ಹುಡುಕಿದರು.

ಅವರ ಬಾಯಿಂದ ಈ ಮಾತೊಂದು ಬರಲಿ ಎಂದು ಇಷ್ಟು ವರ್ಷ ಕಾದಿದ್ದವಳು ನಾನು. ಬಂದಾಗ ಹೊಟ್ಟೆ ತಣ್ಣಗಾಗಲಿಲ್ಲ. ಸುಳ್ಳು ಹೇಳುವವರಲ್ಲವಲ್ಲ, ಇದೂ ನಿಜವೇ ಇರಬೇಕು. “ಕೂತ್ಕೊಳ್ಳಿ ಭಾವ, ಊಟ ಆರ್ತಿದೆ” ಎಂದು ಅವರ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದೆ.