ಖಾಲಿ ಗಾಡಾ ಹೊಡೆದ ಅಮೃತವ್ವ

ಅಡರಕಟ್ಟಿಯ ಅಮೃತವ್ವನಿಗೆ ನಲವತ್ತೇಳು. ಊರು ಅವಳನ್ನು ಮಂದ ಹೆಂಗಸು ಎಂದು ತೀರ್ಮಾನ ಮಾಡಿ ಬಹಳ ಕಾಲವಾಗಿತ್ತು. ಅವಳು ಒಂದು ಕೊಡ ನೀರು ತರುವಷ್ಟರಲ್ಲಿ ಉಳಿದವರು ಎರಡು ಸಲ ಹೋಗಿ ಬರುತ್ತಿದ್ದರು. ಆದರೆ ಆ ಉಳಿದವರ ಸೀರೆ ಸೊಂಟದ ತನಕ ತೊಯ್ದು ತೊಪ್ಪೆಯಾಗಿರುತ್ತಿತ್ತು, ಇವಳ ಕೊಡ ಮಾತ್ರ ತುಂಬಿದ್ದು ತುಂಬಿದ ಹಾಗೇ ಮನೆ ಸೇರುತ್ತಿತ್ತು. ಜೋರಾಗಿ ನಡೆದರೆ ನೀರು ಚೆಲ್ಲುವುದಿಲ್ಲ, ಗಕ್ಕನೆ ಜೋರು ಮಾಡಿದರೆ ಮತ್ತು ಗಕ್ಕನೆ ನಿಂತರೆ ಚೆಲ್ಲುತ್ತದೆ ಎಂದು ಅವಳು ಹೇಳಿ ನೋಡಿದಳು. ಮಂದ ಹೆಂಗಸಿನ ಮಾತು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಗಂಡ ಸಕ್ರಪ್ಪನದು ಚಹಾ ಕುಡಿಯುವುದನ್ನೂ ಪಂದ್ಯ ಮಾಡಿಕೊಳ್ಳುವ ಜಾತಕ. ಅವನ ಹುಚ್ಚು ಖಾಲಿ ಗಾಡಾ. ಸುಗ್ಗಿ ಮುಗಿದ ಹೊಲದಲ್ಲಿ ಜೋಡಿ ಎತ್ತು ಕಟ್ಟಿದ ಬರಿ ಬಂಡಿ ಓಡಿಸಬೇಕು. ಒಂದು ನಿಮಿಷಕ್ಕೆ ಸಿಳ್ಳು. ಸಿಳ್ಳು ಊದಿದಾಗ ಬಂಡಿ ಎಲ್ಲಿತ್ತೋ ಅಲ್ಲಿಗೆ ಬಾವುಟ. ಹೊರಟ ಗೆರೆಯಿಂದ ಬಾವುಟಕ್ಕೆ ನೆಟ್ಟಗೆ ಟೇಪು ಹಿಡಿದು ಎಷ್ಟು ಫೂಟು ಎಂದು ಅಳೆಯುವವನು ಮನೆ ಕಟ್ಟುವ ಗೌಂಡಿ ಮುರ್ತುಜಾ. ಗೋಡೆಯನ್ನೂ ಮನುಷ್ಯರನ್ನೂ ಒಂದೇ ತೂಗುಗುಂಡು ಇಳಿಬಿಟ್ಟು ನೋಡುವ ಆಸಾಮಿ, ಅವನ ಅಳತೆಗೆ ಎರಡನೇ ಮಾತಿಲ್ಲ.

ಸಕ್ರಪ್ಪನಿಗೆ ಎರಡು ಎತ್ತು. ಎಡಕ್ಕೆ ಹುಲಿಯಾ, ಕೂಗಿದರೆ ಸಾಕು, ಚಿಮ್ಮುತ್ತಿತ್ತು. ಬಲಕ್ಕೆ ಗಿಡ್ಡ. ತಾಯಿ ಸತ್ತ ಕರುವಾಗಿದ್ದಾಗ ಅಮೃತವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಗಿಡ್ಡ ಮೊದಲು ಯೋಚನೆ ಮಾಡಿ ಆಮೇಲೆ ಕಾಲು ಎತ್ತುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಎತ್ತುಗಳೇ, ಗತಿ ಅದೇ. ಹುಲಿಯಾ ಮುಂದೆ ಹಾರಿದ ಕೂಡಲೇ ನೊಗ ಓರೆಯಾಗಿ ಬಂಡಿ ಬಲಕ್ಕೆ ತಿರುಗುತ್ತಿತ್ತು. ಹೋದ ವರ್ಷ ಸಕ್ರಪ್ಪ ಮೈದಾನದಲ್ಲೇ ಎಲ್ಲರಿಗಿಂತ ಜೋರಾಗಿ ಓಡಿ, ನೇರ ಇನ್ನೊಬ್ಬ ಗಾಡಾ ಹುಚ್ಚ ಹೇಮಪ್ಪನ ಹೊಟ್ಟಿನ ಬಣವಿಗೆ ನುಗ್ಗಿದ್ದ. ಹೊಟ್ಟು ಕೊಡವಿಕೊಂಡು ಎದ್ದವನು ಬೈದದ್ದು ಗಿಡ್ಡನನ್ನು.

ಈ ವರ್ಷ ಅವನು ಶಿರಹಟ್ಟಿಯ ದನದ ವ್ಯಾಪಾರಿ ಮೂಕಪ್ಪನಿಗೆ ಮಾತು ಕೊಟ್ಟುಬಿಟ್ಟ. ಪಂದ್ಯದಲ್ಲಿ ಮೊದಲು ಬಂದರೆ ಗಿಡ್ಡ ಉಳಿಯುತ್ತದೆ, ಇಲ್ಲದಿದ್ದರೆ ಮೈದಾನದಿಂದಲೇ ಹಗ್ಗ ಮೂಕಪ್ಪನ ಕೈಗೆ. ಅಮೃತವ್ವನಿಗೆ ಎದೆ ಒಡೆದುಹೋಯಿತು. ಅಷ್ಟರಲ್ಲಿ, ಪಂದ್ಯಕ್ಕೆ ಮೂರು ದಿನ ಇದ್ದಾಗ, ಹುಲಿಯಾನ ಮೈ ತೊಳೆಯಲು ಹೋದ ಸಕ್ರಪ್ಪ ಜಾರಿ ಬಿದ್ದು ಬಲಗೈ ಮುರಿದುಕೊಂಡ.

“ನಾ ಹೊಡೀತೀನ್ರಿ ಗಾಡಾ” ಅಂದಳು ಅಮೃತವ್ವ.

ಸಕ್ರಪ್ಪ ನಕ್ಕ. ಪಂದ್ಯದ ಹಿರಿಯರೂ ನಕ್ಕು ನಿಯಮದ ಹಾಳೆ ತಿರುವಿದರು. ಹೆಂಗಸರು ಹೊಡೆಯಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಹೊಡೆದಾರು ಅಂತ ಯಾರಿಗೂ ಹೊಳೆದಿರಲಿಲ್ಲ. ಹೆಸರು ಬರೆದುಕೊಂಡರು.

ಪಂದ್ಯದ ದಿನ ಅವಳಿಗಿಂತ ಮುಂಚೆ ಹೇಮಪ್ಪನ ಸರದಿ. ಕಿಸೆಯಲ್ಲಿ ವೇಗ ತೋರಿಸುವ ಮೊಬೈಲು ಇಟ್ಟುಕೊಂಡು ಹೊರಟವನು ಗುಂಡು ಹಾರಿದ ಹಾಗೆ ಹಾರಿದ. ಆದರೆ ಅವನ ಎತ್ತುಗಳಿಗೆ ತಮ್ಮ ಬಣವಿಯ ವಾಸನೆ ಗೊತ್ತು. ಅರ್ಧ ದಾರಿಗೆ ಅವು ಬಲಕ್ಕೆ ವಾಲಿ, ಬಿದಿಗೆ ಚಂದ್ರನ ಹಾಗೆ ಬಾಗಿ ಓಡಿದವು. ನೆಟ್ಟಗೆ ಅಳೆದಾಗ ಸಾವಿರದ ಒಂಬೈನೂರ ಹತ್ತು ಫೂಟು. ಆವರೆಗಿನ ಎಲ್ಲರಿಗಿಂತ ಹೆಚ್ಚು, ಆದರೂ ಹೇಮಪ್ಪನಿಗೆ ಸಮಾಧಾನವಿಲ್ಲ. ಮೊಬೈಲಿನಲ್ಲಿ ಗಂಟೆಗೆ ನಲವತ್ತೆರಡು ಕಿಲೋಮೀಟರು ಬಂದಿದೆ, ಗಾಲಿಯ ಜಾಡು ಹಿಡಿದು ಅಳೆಯಿರಿ ಎಂದು ಜಗಳಕ್ಕೆ ನಿಂತ.

ಮುರ್ತುಜಾ ಟೇಪು ಸುತ್ತುತ್ತಾ ಹೇಳಿದ: “ಹೇಮಪ್ಪಣ್ಣ, ನೀ ಎಷ್ಟು ಜೋರು ಓಡಿದಿ ಅನ್ನೋದು ನನ್ನ ಟೇಪಿಗೆ ಗೊತ್ತಾಗಂಗಿಲ್ಲ. ಎಲ್ಲಿಂದ ಎಲ್ಲಿಗೆ ಬಂದಿ, ಅಷ್ಟ ಗೊತ್ತಾಗ್ತೈತಿ.”

ಕೊನೆಗೆ ಅಮೃತವ್ವ ಬಂಡಿ ಹತ್ತಿದಳು. ಸೆರಗು ಸೊಂಟಕ್ಕೆ ಬಿಗಿದು ನಿಂತಳು. ಹೊರಡುವ ಸಿಳ್ಳು ಊದಿದರು. ಅವಳು ಕೂಗಲಿಲ್ಲ. ಹುಲಿಯಾನ ಹಗ್ಗ ಬಿಗಿ ಹಿಡಿದು, ಗಿಡ್ಡನ ಹಗ್ಗ ಸಡಿಲ ಬಿಟ್ಟು, ನಾಲಿಗೆಯಿಂದ ಲೊಚ್ಚ್ ಅಂದಳು, ಅಷ್ಟೆ. ಬಂಡಿ ನಡೆಯಿತು. ಹೌದು, ನಡೆಯಿತು! ಅವ್ವ ಸಂತಿಗೆ ಹೊಂಟಾಳ ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಕ್ರಪ್ಪ ಒಳ್ಳೆ ಕೈಯಿಂದ ಮುಖ ಮುಚ್ಚಿಕೊಂಡ.

ಎರಡೂ ಎತ್ತಿನ ಕೊಂಬು ಸಮಕ್ಕೆ ಬಂದವು. ಆಗ ಅವಳು ಹುಲಿಯಾನ ಹಗ್ಗವನ್ನು ಬೆರಳು ಬೆರಳಾಗಿ ಬಿಟ್ಟಳು. ನಡಿಗೆ ಓಟವಾಯಿತು, ಓಟ ದೌಡಾಯಿತು, ದೌಡಿನ ಮೇಲೆ ಮತ್ತೆ ದೌಡು. ಪಂಚಮಿಯ ಜೋಕಾಲಿ ಜೀಕಿದಾಗಿನ ಹಾಗೆ ಅವಳ ಹೊಟ್ಟೆಯಲ್ಲಿ ಕಚಗುಳಿ ಎದ್ದಿತು. ಗಿಡ್ಡನಿಗೆ ಯೋಚನೆ ಮುಗಿದಿತ್ತು, ಈಗ ಅದನ್ನು ಹಿಡಿಯುವವರಿಲ್ಲ. ಬಂಡಿ ಕೂರಿಗೆಯ ಸಾಲಿನಷ್ಟು ನೆಟ್ಟಗೆ ಹೋಗುತ್ತಿತ್ತು. ಜೋರು ಏರುವ ತನಕ ಹೊಟ್ಟೆ ಹಾರುತ್ತಿತ್ತು. ಏರುವುದು ಮುಗಿದು ಒಂದೇ ಸಮನೆ ಆದ ಮೇಲೆ ಅವಳಿಗೆ ವಿಚಿತ್ರ ಅನ್ನಿಸಿತು. ತಾನು ನಿಂತಲ್ಲೇ ನಿಂತಿದ್ದೇನೆ, ಹೊಲ, ಬಣವಿ, ಹೇಮಪ್ಪ, ಇಡೀ ಅಡರಕಟ್ಟಿಯೇ ಹಿಂದಕ್ಕೆ ಓಡುತ್ತಿದೆ! ಅಮೃತವ್ವನಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಎರಡನೇ ಸಿಳ್ಳು ಊದಿದ್ದು ಅವಳಿಗೆ ಕೇಳಲೇ ಇಲ್ಲ, ಲಕ್ಷ್ಮೇಶ್ವರದ ರಸ್ತೆ ಕಾಣುವ ತನಕ ನಗುತ್ತಾ ಹೋದಳು. ಆಮೇಲೆ ಓಟ ಏರಿಸಿದ ಹಾಗೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಬಂಡಿ ತಿರುಗಿಸಿಕೊಂಡು ಬಂದಳು.

ಅಷ್ಟರಲ್ಲಿ ಮುರ್ತುಜಾ ಎರಡು ಸಲ ಅಳೆದಿದ್ದ. ಸಾವಿರದ ಒಂಬೈನೂರ ಮೂವತ್ನಾಲ್ಕು. ಹೇಮಪ್ಪನಿಗಿಂತ ಇಪ್ಪತ್ನಾಲ್ಕು ಫೂಟು ಮುಂದೆ. ನಕ್ಕವರೇ ಈಗ ಗುಲಾಲು ಹಿಡಿದು ಬಂಡಿ ಮುತ್ತಿದರು.

ಎತ್ತು ಕೈತಪ್ಪಿದರೂ ಮೂಕಪ್ಪ ಮೈದಾನ ಬಿಟ್ಟು ಹೋಗಿರಲಿಲ್ಲ. ಇಂಥ ಎತ್ತಾದರೆ ಇನ್ನೂ ಹೆಚ್ಚಿಗೆ ಕೊಟ್ಟು ಒಯ್ಯುತ್ತೇನೆ ಎಂದು ಸಕ್ರಪ್ಪನ ಕಿವಿಯಲ್ಲಿ ಊದಿದ. ಸಕ್ರಪ್ಪ ಗಾಲಿಯ ಜಾಡನ್ನೇ ನೋಡುತ್ತಿದ್ದ. ಎಷ್ಟು ವರ್ಷ ತಾನು ಕೂಗಿದ್ದು, ಓರೆಯಾದದ್ದು, ಬೈದದ್ದು ಎಲ್ಲ ಆ ನೆಟ್ಟಗಿನ ಗೆರೆಯಲ್ಲಿ ಅವನಿಗೆ ಕಂಡಿರಬೇಕು. ಬಂಡಿಯ ಹತ್ತಿರ ಬಂದು, ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಹೆಂಡತಿಯನ್ನು ಕೇಳಿದ.

“ಅಮೃತಾ, ಏನ್ ಹೇಳ್ಲಿ ಅವಗ?”

ಅವಳು ಗುಲಾಲಿನ ಕೈಯಿಂದ ಗಿಡ್ಡನ ಬೆನ್ನು ಸವರುತ್ತಿದ್ದಳು. ನಗು ಇನ್ನೂ ಇಳಿದಿರಲಿಲ್ಲ.

“ಗಿಡ್ಡ ಮನಿಗೆ ಬರ್ತಾನ ಅಂತ ಹೇಳ್ರಿ. ನೀವೂ ಬರೋದಿದ್ರ ಹಿಂದ ಹತ್ತ್ರಿ.”

ಸಕ್ರಪ್ಪ ಹಿಂದೆ ಹತ್ತಿದ.