ಗಡ್ಡಕ್ಕೆ ಬೆಣ್ಣೆ ಹಚ್ಚಿದ ತಾತನ ಹಾಡು

ನಮ್ಮ ಹಿತ್ತಿಲ ಮನೆಯ ಬಾಡಿಗೆಯವರು ಡಿಸೆಂಬರ್ ಹುಟ್ಟಿದರೆ ಸಾಕು, ಒಂದು ಹಾಡು ಹಿಡಿಯುತ್ತಾರೆ. ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ.

ಕ್ರಿಸ್ಮಸ್ ತಾತ ಬಂದ ಬಂದ
ಗಡ್ಡಕ್ ಬೆಣ್ಣೆ ಅಚ್ಕೊಂಡ್ ಬಂದ
ರೊಟ್ಟಿ ಎಲ್ಲೋ ತಾತ ಅಂದ್ರೆ
ಚಡ್ಡಿ ಜೇಬಲ್ಲೈತೆ ಅಂದ

ಹೆಂಡತಿ ನಂಜನಗೂಡಿನ ಆಸ್ಪತ್ರೆಯಲ್ಲಿ ನರ್ಸು, ಗಂಡ ಕಾರ್ಖಾನೆಯ ಬಸ್ಸಿಗೆ ಡ್ರೈವರ್. ಕೊಳ್ಳೇಗಾಲದ ಕಡೆಯ ಕ್ರೈಸ್ತರು. ಹಾಡು ಕಟ್ಟಿದವನು ಆ ಗಂಡನೇ. ಅವಳು ಕಜ್ಜಾಯ ಕರಿಯುತ್ತಾ ಹಾಡುತ್ತಾಳೆ, ಇವನು ತಟ್ಟೆ ಬಡಿಯುತ್ತಾನೆ. ಹಬ್ಬದ ಹಾಡು ಅನ್ನುತ್ತಾರೆ, ಆದರೆ ಅದರಲ್ಲಿ ದೇವರ ಹೆಸರೇ ಇಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ.

ನನ್ನ ಕೆಲಸ ತಾಲ್ಲೂಕು ಕಚೇರಿಯಲ್ಲಿ. ಜನ ತರುವ ಕಾಗದಗಳನ್ನು ತಿರುವಿ ನೋಡಿ ಅಸಲಿಯೋ ನಕಲಿಯೋ ಎಂದು ಹೇಳುವುದು. ಅದನ್ನೇ ಮಾಡಿ ಮಾಡಿ ಹೀಗಾದೆ ಎಂದುಕೊಳ್ಳುತ್ತೇನೆ. ಹುಟ್ಟಿದಾಗಿನಿಂದ ಹೀಗೆಯೇ ಎಂದು ಅಣ್ಣ ಹೇಳುತ್ತಾನೆ. ನೋಡಲು ಬಂದ ಗಂಡುಗಳ ಮೇಲೆಲ್ಲ ಅನುಮಾನಪಟ್ಟು ಕೊನೆಗೆ ಮದುವೆಯನ್ನೇ ಆಗದೆ ಉಳಿದವಳು ನಾನು. ಅದರಲ್ಲಿ ಇಬ್ಬರ ವಿಷಯದಲ್ಲಾದರೂ ನನ್ನ ಅನುಮಾನ ನಿಜವಾಯಿತು, ಅದನ್ನು ಅಣ್ಣ ಹೇಳುವುದಿಲ್ಲ.

ಹಾಗಾಗಿ ಹಿತ್ತಿಲ ಬಾಗಿಲಲ್ಲಿ ನಿಂತು ಆ ಹಾಡನ್ನು ಒಂದು ಅರ್ಜಿಯ ಹಾಗೆ ಪರಿಶೀಲಿಸಿದೆ. ಬೆಣ್ಣೆ ಎಂದರೆ ಏನು? ರೊಟ್ಟಿ ಎಂದರೆ ಏನು? ಒಳಗೆ ಏನಾದರೂ ಉಪದೇಶ ಅಡಗಿಸಿಟ್ಟಿದ್ದಾರೋ? ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗಲೇ ಹೆಚ್ಚು ಹುಷಾರಾಗಿರಬೇಕು ಎನ್ನುವುದು ಕಚೇರಿ ಕಲಿಸಿದ ಪಾಠ.

ಹೋದ ವರ್ಷ ಆಯುಧಪೂಜೆ ಕಳೆದ ಮೇಲೆ ಅವ್ವನಿಗೆ ಸ್ಟ್ರೋಕ್ ಆಯಿತು. ಅಲ್ಲಿಯವರೆಗೆ ಅವಳು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಆಸ್ಪತ್ರೆ ಹತ್ತಿರವಿರಲಿ ಎಂದು ನಾನು ನಂಜನಗೂಡಿಗೆ ಕರೆತಂದೆ. ಕಾಲು ನಿಧಾನವಾಗಿ ಊರಿತು, ಕೈ ಅರ್ಧ ಬಂತು. ಮಾತು ಮಾತ್ರ ಬರಲೇ ಇಲ್ಲ. ಬಾಯಿ ತೆರೆಯುತ್ತಾಳೆ, ಗಂಟಲು ಅಲ್ಲಾಡುತ್ತದೆ, ಅಷ್ಟೇ. ಮೈಸೂರಿನ ಡಾಕ್ಟರು, 'ಹಾಡು ಕೇಳಿಸಿ, ಹಾಡಿಸಿ. ಕೆಲವರಿಗೆ ಹಾಡಿನ ಬೆನ್ನು ಹತ್ತಿ ಮಾತು ಬರುತ್ತದೆ' ಎಂದರು. ಔಷಧಿ ಇಲ್ಲದ್ದಕ್ಕೆ ಹಾಡು ಬರೆದುಕೊಟ್ಟರು ಎಂದುಕೊಂಡೆ.

ಆದರೂ ಬಿಡಲಿಲ್ಲ. ಮೊಬೈಲಿನಲ್ಲಿ ಬೆಳಿಗ್ಗೆ ನಂಜುಂಡೇಶ್ವರನ ಭಕ್ತಿಗೀತೆ, ಸಂಜೆ ಅಮ್ಮನವರ ಹಾಡು. ಅವ್ವ ಕಣ್ಣು ಮುಚ್ಚಿ ಕೂರುತ್ತಿದ್ದಳು. ಹಾಡು ಮುಗಿದ ಮೇಲೆ ನಾನು ಅಣ್ಣನ ಫೋಟೊ ಹಿಡಿದು ಕೇಳುತ್ತಿದ್ದೆ: 'ಇದ್ಯಾರು ಹೇಳವ್ವ? ನಾನ್ಯಾರು? ನಿನ್ನ ಹೆಸರೇನು?' ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ದಿನವೂ ಇದೇ ಆದಾಗ ನನಗೆ ಇನ್ನೊಂದು ಅನುಮಾನ ಹುಟ್ಟಿತು. ಇವಳಿಗೆ ಮಾತು ಬರುತ್ತದೆ, ಹಟಕ್ಕೆ ಆಡುತ್ತಿಲ್ಲ.

ನಾನು ಕಚೇರಿಗೆ ಹೋದಾಗ ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಅವ್ವನನ್ನು ನೋಡಿಕೊಳ್ಳುತ್ತಿದ್ದಳು. ಬೇಡವೆಂದರೂ ಬರುತ್ತಿದ್ದಳು. ಬಿಟ್ಟಿ ಉಪಕಾರ ಯಾರು ಮಾಡುತ್ತಾರೆ ಈ ಕಾಲದಲ್ಲಿ? ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಅದೇ ಡಿಸೆಂಬರಿನ ಒಂದು ಸಂಜೆ ಕಚೇರಿಯಿಂದ ಬೇಗ ಬಂದೆ. ಹಿತ್ತಿಲಲ್ಲಿ ಎಣ್ಣೆಯ ವಾಸನೆ, ತಟ್ಟೆಯ ಸದ್ದು. ಅವ್ವ ಅವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸರಿಯಿರುವ ಕೈಯಿಂದ ತೊಡೆ ತಟ್ಟುತ್ತಿದ್ದಳು. ಗಂಡ 'ಕ್ರಿಸ್ಮಸ್ ತಾತ' ಎಂದು ಹಾಡಿ ನಿಲ್ಲಿಸಿದ. ಅವ್ವ ಬಾಯಿ ಓರೆ ಮಾಡಿಕೊಂಡು, 'ಬಂದ ಬಂದ' ಎಂದಳು. 'ಚಡ್ಡಿ ಜೇಬಲ್ಲೈತೆ' ಎಂದು ನರ್ಸಮ್ಮ ನಿಲ್ಲಿಸಿದಳು. ಅವ್ವ, 'ಅಂದ' ಎಂದು ನಕ್ಕಳು.

ಸಂತೋಷವಾಯಿತು ಎಂದು ಬರೆಯಬೇಕು. ಆಮೇಲೆ ಆಯಿತು. ಮೊದಲು ಆದದ್ದು ಹೊಟ್ಟೆಯುರಿ. ನನ್ನ ಭಕ್ತಿಗೀತೆಗೆ ತೆರೆಯದ ಬಾಯಿ ಚಡ್ಡಿ ಜೇಬಿಗೆ ತೆರೆಯಿತಲ್ಲ! ಅಣ್ಣನಿಗೆ ಫೋನ್ ಮಾಡಿದೆ.

'ನಮ್ಮವ್ವನ ಬಾಯಿಗೆ ಅವ್ರ ಪದ ತುಂಬುಬುಟ್ರಾ?' ಎಂದ ಅಣ್ಣ. 'ಉಸಾರು ಕಣಮ್ಮಿ. ಇವತ್ತು ತಾತನ ಪದ, ನಾಳೀಕೆ ಇನ್ನೇನೋ. ಬಾನುವಾರ ಬತ್ತೀನಿ, ಅವ್ವನ ಇಲ್ಲಿಗೇ ಕರ್ಕೊಂಡ್ ಓಯ್ತೀನಿ.'

ಫೋನ್ ಇಟ್ಟ ಮೇಲೆ ತಪ್ಪು ಮಾಡಿದೆನೇನೋ ಅನ್ನಿಸಿತು. ಹೆಮ್ಮಿಗೆಯ ಮನೆಯಲ್ಲಿ ಎಲ್ಲರೂ ಬೆಳಕು ಹರಿಯುವ ಮೊದಲೇ ಕೊಟ್ಟಿಗೆ, ಗದ್ದೆ ಎಂದು ಹೊರಡುವವರು. ಅವ್ವನ ಮುಂದೆ ಟಿವಿ ಬಿಟ್ಟರೆ ಹಾಡುವವರಿಲ್ಲ. ಅಲ್ಲಿಗೆ ಹೋದರೆ ಈ 'ಬಂದ', 'ಅಂದ'ಗಳೂ ಒಣಗಿಹೋಗುತ್ತವೆ. ಇಲ್ಲೇ ಬಿಟ್ಟರೆ ಇವರು ಅವಳನ್ನು ಎಲ್ಲಿಗೆ ಕರೆದೊಯ್ಯುತ್ತಾರೋ ಗೊತ್ತಿಲ್ಲ. ಸುಮ್ಮನಿರಲಾಗದೆ ನರ್ಸಮ್ಮನನ್ನು ನೇರವಾಗಿಯೇ ಕೇಳಿದೆ, 'ಅವ್ವನಿಗೆ ಈ ಹಾಡೇ ಯಾಕೆ ಹೇಳಿಕೊಟ್ರಿ?'

ಅವಳು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. 'ಯೋಳ್ಕೊಟ್ಟಿಲ್ಲ ಅಕ್ಕ, ಅಜ್ಜೀನೇ ಸೇರ್ಕೊಂತು. ಚರ್ಚಲ್ಲಿ ಆಡೋವು ಬ್ಯಾರೆ ಅವೆ. ಅಲ್ಲಿ ತಪ್ಪೋದ್ರೆ ನಂಗೇ ಭಯ ಆಯ್ತದೆ. ಇದ್ರಲ್ಲಿ ತಪ್ಪೋಕೆ ಏನೈತೆ ಯೋಳಿ?'

ನಾನು ನಂಬಿದೆ ಎಂದಲ್ಲ. ಆದರೆ ಆ ಮಾತು ಮಾರನೆಯ ದಿನ ಕಚೇರಿಯಲ್ಲೂ ಬಿಡಲಿಲ್ಲ. ಅರ್ಥವಿರುವ ಹಾಡುಗಳೆಲ್ಲ ನಮ್ಮಿಂದ ಏನಾದರೂ ಕೇಳುತ್ತವೆ. ಭಕ್ತಿ ಕೇಳುತ್ತವೆ, ಕಣ್ಣೀರು ಕೇಳುತ್ತವೆ, ಕೆಲವು ಎದ್ದು ನಿಲ್ಲು ಎನ್ನುತ್ತವೆ. ಬೆಣ್ಣೆ ಗಡ್ಡದ ತಾತ ಏನನ್ನೂ ಕೇಳುವುದಿಲ್ಲ. ಒಂದು ಪದ ಬಿಟ್ಟುಹೋದರೆ ಅವನಿಗೆ ನಷ್ಟವಿಲ್ಲ, ಹಾಡುವವರಿಗೆ ಮರ್ಯಾದೆ ಹೋಗುವುದಿಲ್ಲ. ಪದಗಳನ್ನೇ ಕಳೆದುಕೊಂಡವಳಿಗೆ ಇನ್ನೆಂಥ ಹಾಡು ಬೇಕು? ಹೀಗೆಲ್ಲ ಯೋಚಿಸುತ್ತಾ, ನನ್ನನ್ನು ಇವರು ಮೆತ್ತಗೆ ಮಾಡುತ್ತಿದ್ದಾರೋ ಏನೋ ಎಂದೂ ಅನ್ನಿಸಿತು.

ಭಾನುವಾರ ಮಧ್ಯಾಹ್ನವೇ ಅಣ್ಣ ಬಂದ. ಅವ್ವನ ಸೀರೆಗಳನ್ನು ಬ್ಯಾಗಿಗೆ ತುಂಬಿದ. ಅವ್ವ ಜಗಲಿಯ ಕುರ್ಚಿಯಲ್ಲಿ ಕೂತು ಬ್ಯಾಗನ್ನೇ ನೋಡುತ್ತಿದ್ದಳು. ಬೇಡ ಎನ್ನಲು ಅವಳಿಗೆ ಮಾತಿಲ್ಲ, ನನಗೆ ಧೈರ್ಯವಿಲ್ಲ. ಆಟೊ ಹುಡುಕಲು ಅಣ್ಣ ಗೇಟಿನವರೆಗೆ ಹೋದಾಗ ಸಂಜೆಯಾಗಿತ್ತು. ಅದೇ ಹೊತ್ತಿಗೆ ಮನೆಮನೆಗೆ ಹಾಡುತ್ತಾ ಬರುವ ಕ್ಯಾರಲ್ಸ್ ಗುಂಪು ನಮ್ಮ ಅಂಗಳಕ್ಕೆ ನುಗ್ಗಿತು. ಮುಂದೆ ಕ್ರಿಸ್ಮಸ್ ತಾತ. ಹತ್ತಿಯ ಗಡ್ಡ, ಕೆಂಪು ಅಂಗಿ, ಹೊಟ್ಟೆಗೆ ಕಟ್ಟಿದ ದಿಂಬು. ಡ್ರೈವರ್ ಗಂಡನೇ ಎಂದು ಚಪ್ಪಲಿ ನೋಡಿ ಪತ್ತೆ ಹಚ್ಚಿದೆ. ಗುಂಪು ಬೆಣ್ಣೆ ಹಾಡನ್ನು ಹಾಡಿತು, ತಾತ ಸೊಂಟ ಕುಣಿಸಿದ, ದಿಂಬು ಜಾರಿ ಮೊಣಕಾಲಿಗೆ ಬಂತು.

ಅವ್ವ ದಿಂಬನ್ನು ನೋಡಿದಳು. ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ಅವಳ ಗಂಟಲಿಂದ ಬೇರೆಯೇ ರಾಗ ಎದ್ದಿತು.

ಬೀಗ ಬಂದ ಬೀಗ ನೋಡ್ರೆ
ಬಾಗ್ಲು ತುಂಬ ಒಟ್ಟೆ ನೋಡ್ರೆ
ಅತ್ತು ಮುದ್ದೆ ನುಂಗ್ಬುಟ್ಟು
ಅಸ್ವು ಅಂತಾನೆ

ಅದು ಬೀಗರ ಪದ. ಮದುವೆ ಊಟದ ಪಂಕ್ತಿಯಲ್ಲಿ ಬೀಗರನ್ನು ಕೂರಿಸಿ ಹೆಂಗಸರು ಬೈಯುವ ಹಾಡು. ಒಂದು ಕಾಲಕ್ಕೆ ಹೆಮ್ಮಿಗೆಯ ಮದುವೆಗಳಲ್ಲಿ ಈ ಪದಕ್ಕೆ ಅವ್ವನೇ ಬೇಕಿತ್ತು. ಛತ್ರಗಳಿಗೆ ಡಿಜೆ ಬಂದ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಆ ಪದಗಳಿಗೂ ಅಷ್ಟೇ, ತಲೆಬುಡ ಇರುತ್ತಿರಲಿಲ್ಲ.

ತಾತ ದಿಂಬು ಎತ್ತಿಕೊಂಡು ನಿಂತೇಬಿಟ್ಟ. ಗೇಟಿನಿಂದ ಅಣ್ಣ ಓಡಿಬಂದ. 'ಅಲೆಲೆಲೆ! ಇದು ನಮ್ಮವ್ವನ ಪದ ಕಣಮ್ಮಿ!' ಎಂದು ಎರಡು ಕೈಯಿಂದ ತಾಳ ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು. ಬ್ಯಾಗನ್ನು ಜಗಲಿಯಿಂದ ಅವನೇ ಒಳಗೆ ತಳ್ಳಿದ.

ಅವ್ವ ಅಷ್ಟಕ್ಕೆ ನಿಲ್ಲಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

ಬಾಗ್ಲಲ್ ನಿಂತ ಬೀಗಿತ್ತಿ ನೋಡ್ರೆ
ಬೆಣ್ಣೆ ಕೊಟ್ರೆ ಸುಣ್ಣ ಅಂತಾಳೆ
ಎತ್ತವ್ವನ್ನೇ ಎತ್ತವ್ವನ್ನೇ

ಅಲ್ಲಿ ಪದ ಸಿಕ್ಕಿಕೊಂಡಿತು. ಇದೂ ಹಳೆಯ ಪದವೇ. ಬೀಗಿತ್ತಿ ಹೆತ್ತ ಅವ್ವನನ್ನೂ ನಂಬದವಳು; ಕೊನೆಯ ಸಾಲು ನನಗೆ ಗೊತ್ತಿತ್ತು, 'ಎತ್ತವ್ವನ್ನೇ ಸಾಕ್ಷಿ ಕೇಳ್ತಾಳೆ'. ಹೇಳಿಕೊಡಲು ಬಾಯಿ ತೆರೆದೆ. ನರ್ಸಮ್ಮ ನನ್ನ ಕೈ ಅದುಮಿದಳು. ಅವ್ವ 'ತಂದಾನ ತಾನ' ಎಂದು ರಾಗ ಎಳೆಯುತ್ತಾ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಹಾಡಿದಳು:

ಎತ್ತವ್ವನ್ನೇ ಆಧಾರ್ ಕಾರ್ಡು ಕೇಳ್ತಾಳೆ

ಗುಂಪೆಲ್ಲ ಹೋ ಎಂದಿತು. ತಾತ ಗಡ್ಡ ಕಿತ್ತುಕೊಂಡು ನಕ್ಕ. ದಿನಾ ಫೋಟೊ ಹಿಡಿದು 'ನಿನ್ನ ಹೆಸರೇನು' ಎಂದು ಕೇಳಿದವಳು ನಾನು ತಾನೆ, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೀಗರ ಪದಕ್ಕೆ ಒಂದು ಕಟ್ಟಳೆ ಇದೆ. ಬೈಸಿಕೊಂಡವರು ಪದದಲ್ಲೇ ತಿರುಗಿ ಬೈಯಬೇಕು, ಇಲ್ಲದಿದ್ದರೆ ಸೋತಂತೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಜನ್ಮದಲ್ಲಿ ಹಾಡಿದವಳಲ್ಲ. ಕಚೇರಿಯ ದನಿಯಲ್ಲೇ ಶುರು ಮಾಡಿದೆ:

ಕುರ್ಚೀಲ್ ಕೂತ ಮುದುಕಿ ನೋಡ್ರೆ
ತಾತನ್ ನೋಡಿ ನಗ್ತಾಳೆ

ಅವ್ವ ಮುಖ ಕಿವುಚಿ ಕೈ ಅಡ್ಡ ಎತ್ತಿದಳು.

'ಥೂ! ಅಂಗಲ್ಲ ಕಣಮ್ಮಿ' ಎಂದಳು.

ರಾಗವಿರಲಿಲ್ಲ, ತಾಳವಿರಲಿಲ್ಲ. ಅದು ಮಾತು. ನನಗೆ ಅನುಮಾನವೇ ಬರಲಿಲ್ಲ.